ವಿದೇಶಕ್ಕೆ ಬೇಕಾದ ಪಿಸಿಸಿ ಠಾಣೆಯಲ್ಲಿ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವವರು, ಬ್ರಿಟನ್ನಿನ ಆಸ್ಪತ್ರೆಗಳಿಗೆ ಹೊರಟ ನರ್ಸ್‌ಗಳು, ಕುವೈತಿಗೆ ದುಡಿಯಲು ಹೋಗುವ ಡ್ರೈವರ್‌ಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈಗ ಕಡಿಮೆಯೇನಿಲ್ಲ. ತಮ್ಮ ಮೇಲೆ ಕೇಸಿಲ್ಲ ಎಂಬ ಪ್ರಮಾಣಪತ್ರ ಬೇಕೆಂದಾಗ ಇವರಲ್ಲಿ ಬಹಳ ಜನ ಮೊದಲು ಹೋಗುವುದು ಪೊಲೀಸ್ ಠಾಣೆಗೆ. ಅಲ್ಲಿಂದ ಎಸ್‌ಪಿ ಕಚೇರಿಗೆ, ಇಲ್ಲವೇ ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣವಾದ ಸೇವಾ ಸಿಂಧು ಅರ್ಜಿಗೆ. ಸೇವಾ ಸಿಂಧು ಮೂಲಕ ರಾಜ್ಯ ಪೊಲೀಸರು ಕೊಡುವ ಪ್ರಮಾಣಪತ್ರ ಊರಿನೊಳಗಿನ ಕಂಪನಿ ಕೆಲಸಕ್ಕೆ, ಸೆಕ್ಯುರಿಟಿ ಕೆಲಸಕ್ಕೆ ಸರಿ. ಭಾರತದಲ್ಲಿರುವ ಅರ್ಜಿದಾರರಿಂದ ಕೆನಡಾ, ಆಸ್ಟ್ರೇಲಿಯಾ ಕೇಳುವುದು ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ. ಇದು ಗೊತ್ತಿಲ್ಲದೆ ಒಂದು ತಿಂಗಳು ಹಾಳಾದ ಮೇಲೆ ಏಜೆಂಟರ ಕೈಗೆ ಸಾವಿರಗಟ್ಟಲೆ ಹಣ ಸುರಿಯುವುದನ್ನು ತಪ್ಪಿಸಲೆಂದೇ ಈ ಪತ್ರ.

ಸರ್ಕಾರಿ ಶುಲ್ಕ 500 ರೂಪಾಯಿ, ಅಷ್ಟೇ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಹೆಸರು ನೋಂದಾಯಿಸಿ, ಪಿಸಿಸಿ ಅರ್ಜಿ ತುಂಬಿ, ಹಣ ಕಟ್ಟಿ, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು. ಇದೇ ಹೆಸರಿನ ನಕಲಿ ತಾಣಗಳು ಸಾಕಷ್ಟಿವೆ. ತಾಣದ ಹೆಸರು ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯದಿದ್ದರೆ ಅಲ್ಲಿ ಹಣ ಕಟ್ಟಬೇಡಿ. 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲೂ ಪಿಸಿಸಿ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ. ಹಾಗಾಗಿ ನಮ್ಮ ಭಾಗದವರು ಇದಕ್ಕಾಗಿ ಹುಬ್ಬಳ್ಳಿಗೇ ಹೋಗಬೇಕೆಂದಿಲ್ಲ. ಹತ್ತಿರದಲ್ಲಿ ದಿನ ಸಿಗದಿದ್ದರೆ ಹುಬ್ಬಳ್ಳಿಯನ್ನು ಆರಿಸಿಕೊಳ್ಳಬಹುದು. ಎಲ್ಲಿ ಅರ್ಜಿ ಕೊಟ್ಟರೂ ಪೊಲೀಸ್ ಪರಿಶೀಲನೆ ನಡೆಯುವುದು ನಿಮ್ಮ ವಿಳಾಸದ ಠಾಣೆಯಿಂದಲೇ. ಕಟ್ಟಿದ ಹಣ ಒಂದು ವರ್ಷ ನಡೆಯುತ್ತದೆ, ಆದ್ದರಿಂದ ಗೊತ್ತುಮಾಡಿದ ದಿನ ತಪ್ಪಿತೆಂದು ಮತ್ತೆ ಹಣ ಕಟ್ಟಲು ಹೋಗಬಾರದು.

ಹೋಗುವಾಗ ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಸಹಿ ಮಾಡಿದ ಝೆರಾಕ್ಸ್, ಈಗಿನ ವಿಳಾಸದ ದಾಖಲೆ, ಯಾವ ಕಾರಣಕ್ಕೆ ಪಿಸಿಸಿ ಬೇಕು ಎಂಬುದಕ್ಕೆ ಆಧಾರ ಕೈಯಲ್ಲಿರಲಿ. ವಲಸೆಯಾದರೆ ಆ ದೇಶದಿಂದ ಬಂದ ಪತ್ರ, ಕೆಲಸವಾದರೆ ಒಪ್ಪಂದಪತ್ರ. ಹತ್ತನೆಯ ತರಗತಿ ಪಾಸಾಗದೆ ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟ್ ಹೊಂದಿದವರು ಕೊಲ್ಲಿ ದೇಶಗಳಿಗೆ ಹೊರಟಿದ್ದರೆ ಒಪ್ಪಂದದ ಜೊತೆ ವೀಸಾ ಪ್ರತಿಯೂ ಬೇಕು. ಪ್ರವಾಸಿ ವೀಸಾ ಮೇಲೆ ಹೋಗುವವರಿಗೆ ಪಿಸಿಸಿ ಕೊಡುವುದೇ ಇಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ವಿಳಾಸದಲ್ಲಿ. ಅಥಣಿ, ರಾಯಬಾಗ, ಜಮಖಂಡಿ ಕಡೆ ಕುಟುಂಬ ಇರುವುದು ತೋಟದ ವಸ್ತಿಯಲ್ಲಿ, ಪಾಸ್‌ಪೋರ್ಟಿನಲ್ಲಿರುವುದು ಊರೊಳಗಿನ ಹಳೆಯ ಮನೆ. ಪರಿಶೀಲನೆಗೆ ಬಂದ ಪೊಲೀಸರಿಗೆ ಬೀಗ ಹಾಕಿದ ಮನೆ ಸಿಗುತ್ತದೆ, ‘ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ’ ಎಂದು ವರದಿ ಹೋಗುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಬಾಗಲಕೋಟೆಯ ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದವರ ಮನೆಗಳಲ್ಲಿ ಒಬ್ಬರ ಆಧಾರ್‌ನಲ್ಲಿ ಸೆಕ್ಟರ್ ಮತ್ತು ಪ್ಲಾಟ್ ನಂಬರ್ ಇರುತ್ತದೆ, ಇನ್ನೊಬ್ಬರ ದಾಖಲೆಯಲ್ಲಿ ಹಳೆಯ ಊರೇ ಉಳಿದಿರುತ್ತದೆ. ವಿಜಯಪುರ ಜಿಲ್ಲೆಯ ತಾಂಡಾಗಳಲ್ಲಿ ಮನೆಮಂದಿಯೆಲ್ಲ ದುಡಿಯಲು ಗೋವಾಕ್ಕೋ ಮಹಾರಾಷ್ಟ್ರಕ್ಕೋ ಹೋದ ತಿಂಗಳಲ್ಲಿ ಅರ್ಜಿ ಹಾಕಿದರೂ ಇದೇ ಗತಿ. ಪುಣೆಯಲ್ಲಿ ಕೆಲಸದಲ್ಲಿದ್ದು ನಿಪ್ಪಾಣಿಯ ವಿಳಾಸ ಕೊಡುವ ಇಂಜಿನಿಯರ್‌ಗಳೂ ಇಲ್ಲೇ ಎಡವುತ್ತಾರೆ. ಈಗ ಎಲ್ಲಿ ವಾಸವಿದ್ದೀರೋ ಅದನ್ನೇ ಬರೆಯಿರಿ, ಅದಕ್ಕೆ ದಾಖಲೆ ಇಡಿ. ಹೊರಡಲು ಇನ್ನೂ ಸಮಯವಿದ್ದರೆ ಮೊದಲು ಪಾಸ್‌ಪೋರ್ಟನ್ನೇ ಹೊಸ ವಿಳಾಸಕ್ಕೆ ಮರುವಿತರಣೆ ಮಾಡಿಸಿಕೊಳ್ಳುವುದು ಒಳ್ಳೆಯದು. 36 ಪುಟದ್ದಕ್ಕೆ 1500 ರೂಪಾಯಿ.

ಬೆಳಗಾವಿಯವರಿಗೆ ಇನ್ನೊಂದು ತೊಡಕಿದೆ. ನಗರಕ್ಕೆ ಪೊಲೀಸ್ ಕಮಿಷನರ್, ಜಿಲ್ಲೆಗೆ ಎಸ್‌ಪಿ. ಕಾಕತಿ, ಹಿರೇಬಾಗೇವಾಡಿ, ಮಾರಿಹಾಳ ನೋಡಲು ಹಳ್ಳಿಗಳಾದರೂ ಅಲ್ಲಿಯ ಠಾಣೆಗಳು ಕಮಿಷನರ್ ವ್ಯಾಪ್ತಿಯವು. ಅರ್ಜಿಯಲ್ಲಿ ಠಾಣೆ ತಪ್ಪಿ ಆರಿಸಿದರೆ ಕಡತ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುತ್ತಲೇ ಇರುತ್ತದೆ. ಯಾವ ಠಾಣೆ ಎಂಬ ಅನುಮಾನವಿದ್ದರೆ ಅರ್ಜಿ ತುಂಬುವ ಮೊದಲೇ ವಿಚಾರಿಸಿಕೊಳ್ಳಬೇಕು.

ಪಾಸ್‌ಪೋರ್ಟ್ ಇತ್ತೀಚಿನದಾಗಿದ್ದು, ವಿಳಾಸ ಬದಲಾಗದೆ, ಪೊಲೀಸ್ ವರದಿ ಸ್ವಚ್ಛವಾಗಿ ಕಂಪ್ಯೂಟರಿನಲ್ಲಿದ್ದರೆ ಪಿಸಿಸಿ ಬೇಗ ಸಿಗುತ್ತದೆ. ಇಲ್ಲದಿದ್ದರೆ ಠಾಣೆಯವರು ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ. ಓಣಿಯಲ್ಲಿ ಗುರುತು ಹೇಳುವ ಇಬ್ಬರಿಗೆ ಮೊದಲೇ ತಿಳಿಸಿಡಿ, ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಚಾಲೂ ಇಡಿ. ಏಜೆಂಟರು ತಮ್ಮ ನಂಬರ್ ಹಾಕಿಬಿಟ್ಟರೆ ಠಾಣೆಯ ಫೋನ್ ಅವರಿಗೇ ಹೋಗುತ್ತದೆ, ನಿಮಗೆ ಸುದ್ದಿಯೇ ಮುಟ್ಟುವುದಿಲ್ಲ. ಮುಖ್ಯವಾಗಿ, ಈ ಪರಿಶೀಲನೆಗೆ ಅರ್ಜಿದಾರರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಪಾಸ್‌ಪೋರ್ಟ್ ಪೊಲೀಸ್ ವರದಿ 21 ದಿನದೊಳಗೆ ಬಂದರೆ ಕೇಂದ್ರ ಸರ್ಕಾರವೇ ಪೊಲೀಸ್ ಇಲಾಖೆಗೆ 150 ರೂಪಾಯಿ ಕೊಡುತ್ತದೆ, ತಡವಾದರೆ 50. ಹೀಗಿರುವಾಗ ‘ಚಹಾ ಖರ್ಚು’ ಕೇಳುವುದು ನ್ಯಾಯವಲ್ಲ, ಕೊಡುವುದೂ ಅಲ್ಲ.

ಕೇಸಿನ ವಿಷಯದಲ್ಲಿ ನಮ್ಮ ಹಳ್ಳಿಗಳಿಗೆ ಒಂದು ವಿಶೇಷ ತೊಂದರೆ ಇದೆ. ಹೊಲದ ಬದುವಿಗೋ ಹಿಸ್ಸೆಗೋ ಅಣ್ಣತಮ್ಮಂದಿರ ಜಗಳವಾದಾಗ ಎರಡೂ ಕಡೆಯವರ ಮೇಲೆ ಶಾಂತಿಪಾಲನೆಯ ಮುಚ್ಚಳಿಕೆ ಪ್ರಕರಣ ಹಾಕಿರುತ್ತಾರೆ. ಅದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 107ನೇ ಕಲಂ, 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನ 126ನೇ ಕಲಂ. ಮುಚ್ಚಳಿಕೆಯ ಅವಧಿ ಮುಗಿದು ವರ್ಷಗಳಾದರೂ ಠಾಣೆಯ ದಾಖಲೆಯಲ್ಲಿ ಹೆಸರು ಇದ್ದೇ ಇರುತ್ತದೆ. ಇದು ಶಿಕ್ಷೆಯಲ್ಲ, ಮುನ್ನೆಚ್ಚರಿಕೆಯ ಕ್ರಮ. ತಹಶೀಲ್ದಾರ್ ಕಚೇರಿಯಿಂದ ಪ್ರಕರಣ ಮುಕ್ತಾಯವಾದ ಆದೇಶದ ದೃಢೀಕೃತ ನಕಲು ತಂದು ಪರಿಶೀಲನೆಯ ದಿನವೇ ಕೈಗೆ ಕೊಟ್ಟರೆ ವರದಿ ಬರೆಯುವವರಿಗೂ ಆಧಾರ ಸಿಗುತ್ತದೆ. ಕೋರ್ಟಿನಲ್ಲಿ ಖುಲಾಸೆಯಾಗಿದ್ದರೆ ತೀರ್ಪಿನ ನಕಲು, ಠಾಣೆಯಲ್ಲೇ ಮುಗಿದಿದ್ದರೆ ಪೊಲೀಸರು ಕೇಸು ಮುಗಿಸಿ ಕೊಟ್ಟ ವರದಿಯನ್ನು (ಬಿ ರಿಪೋರ್ಟ್) ಒಪ್ಪಿದ ಕೋರ್ಟಿನ ಆದೇಶ. ಕೇಸನ್ನು ಮುಚ್ಚಿಟ್ಟು ಅರ್ಜಿ ತುಂಬುವುದು ಮಾತ್ರ ಬೇಡ. ಕೇಸಿಗಿಂತ ಸುಳ್ಳು ಮಾಹಿತಿಯೇ ವೀಸಾಕ್ಕೆ ದೊಡ್ಡ ಅಡ್ಡಿಯಾಗುತ್ತದೆ.

ಅವಸರಪಟ್ಟು ಬಹಳ ಮುಂಚೆ ಪಿಸಿಸಿ ಮಾಡಿಸಿಟ್ಟುಕೊಳ್ಳುವುದೂ ದಂಡ. ಈಗ ವಾಸವಿರುವ ದೇಶದ ಪ್ರಮಾಣಪತ್ರ ಅರ್ಜಿ ಸಲ್ಲಿಸುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು ಎಂಬುದು ಕೆನಡಾದ ನಿಯಮ. ನುರಿತ ಕೆಲಸಗಾರರು ಕಾಯಂ ನೆಲೆಸಲು ಅರ್ಜಿ ಹಾಕುವ ಅಲ್ಲಿಯ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ಆಹ್ವಾನ ಬಂದ ಮೇಲೆ ಅರ್ಜಿಗೆ 60 ದಿನ ಮಾತ್ರ ಇರುವುದರಿಂದ ಆಹ್ವಾನ ಬಂದ ದಿನವೇ ಪಿಸಿಸಿಗೆ ಕೈಹಾಕಬೇಕು. ಆಸ್ಟ್ರೇಲಿಯಾ 12 ತಿಂಗಳವರೆಗೆ ಒಪ್ಪುತ್ತದೆ. ಪ್ರಮಾಣಪತ್ರದಲ್ಲಿ ದೇಶದ ಹೆಸರು, ಪಾಸ್‌ಪೋರ್ಟ್ ನಂಬರ್ ಎರಡೂ ಅಚ್ಚಾಗಿರುತ್ತವೆ. ಆದ್ದರಿಂದ ಕೆನಡಾಕ್ಕೆ ಪಡೆದದ್ದನ್ನು ಆಸ್ಟ್ರೇಲಿಯಾಕ್ಕೆ ಕೊಡಲಾಗದು. ಪಾಸ್‌ಪೋರ್ಟಿನ ಅವಧಿ ಮುಗಿಯಲು ಬಂದಿದ್ದರೆ ಮೊದಲು ಅದನ್ನು ನವೀಕರಿಸಿ, ಆಮೇಲೆ ಪಿಸಿಸಿ. ಕೆನಡಾಕ್ಕೆ ಗಂಡ, ಹೆಂಡತಿ, 18 ತುಂಬಿದ ಮಕ್ಕಳು ಪ್ರತಿಯೊಬ್ಬರಿಗೂ ಬೇರೆಬೇರೆ ಪ್ರಮಾಣಪತ್ರ ಬೇಕು.

ದುಬೈ, ಮಸ್ಕತ್‌ಗಳಲ್ಲಿ ಹಲವು ವರ್ಷ ದುಡಿದು ಬಂದವರು ಭಾರತದ ಪಿಸಿಸಿ ಒಂದೇ ಸಾಕೆಂದು ತಿಳಿಯಬಾರದು. ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಇದ್ದ ಪ್ರತಿ ದೇಶದ್ದನ್ನೂ ಕೆನಡಾ ಕೇಳುತ್ತದೆ. ಆಸ್ಟ್ರೇಲಿಯಾ ಒಟ್ಟು 12 ತಿಂಗಳು ಇದ್ದ ದೇಶಗಳದ್ದನ್ನು ಕೇಳುತ್ತದೆ, ಆಸ್ಪತ್ರೆ ಕೆಲಸದ ವೀಸಾಕ್ಕೆ ಬ್ರಿಟನ್ ಕೂಡ ಹಾಗೆಯೇ. ಅಮೆರಿಕದಲ್ಲಿ ಇದ್ದವರಿಗೆ ಅಲ್ಲಿಯ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ದಾಖಲೆ ಬೇಕು, ಶುಲ್ಕ 18 ಡಾಲರ್, ಜೊತೆಗೆ ಹತ್ತೂ ಬೆರಳುಗಳ ಅಚ್ಚು. ಬೆರಳಚ್ಚು ಮಸುಕಾದರೆ ತಿರಸ್ಕರಿಸುತ್ತಾರೆ. ಕಬ್ಬು ಕಡಿದು, ಸಿಮೆಂಟು ಕಲಸಿ ಬೆರಳು ಸವೆದವರಿಗೆ ಇದು ಮಾತಿನಷ್ಟು ಸುಲಭವಲ್ಲ, ಕೆಲವು ದಿನ ಕೈಗೆ ಬಿಡುವು ಕೊಟ್ಟು ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ, ಚೆನ್ನಾಗಿ ತೊಳೆದು ಒರೆಸಿಕೊಂಡು ಅಚ್ಚು ಕೊಡಬೇಕು.

ಮೂರೂ ಜಿಲ್ಲೆಗಳ ಪೊಲೀಸ್ ಅಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು. ವಿದೇಶಕ್ಕೆ ಬೇಕಾದ ಪಿಸಿಸಿ ಎಲ್ಲಿ, ಎಷ್ಟು ಶುಲ್ಕಕ್ಕೆ ಸಿಗುತ್ತದೆ ಎಂಬ ಕನ್ನಡ ಫಲಕವನ್ನು ಪ್ರತಿ ಠಾಣೆಯ ಬಾಗಿಲಲ್ಲಿ ಹಾಕಿಸಿ. ಮನೆಗೆ ಬರುವ ಮೊದಲು ಅರ್ಜಿದಾರರಿಗೆ ಒಂದು ಫೋನ್ ಮಾಡಿಸಿ. ವಾಸವಿಲ್ಲ ಎಂದು ವರದಿ ಕಳಿಸುವ ಮುನ್ನ ಇನ್ನೊಮ್ಮೆ ಬರಲಿ. ಅರ್ಜಿ ಎಲ್ಲಿಗೆ ಬಂತು ಎಂಬುದನ್ನು ಅರ್ಜಿದಾರರು ಫೈಲ್ ನಂಬರ್ ಮತ್ತು ಹುಟ್ಟಿದ ದಿನಾಂಕ ಹಾಕಿ ಜಾಲತಾಣದಲ್ಲೇ ನೋಡಬಹುದು. ಇಂಟರ್ನೆಟ್ ಇಲ್ಲದವರಿಗೆ ಶುಲ್ಕವಿಲ್ಲದ ಸಹಾಯವಾಣಿ 1800-258-1800 ಇದೆ.

ವಿದೇಶ ವೀಸಾ ದಾಖಲೆಗಳ ಕೆಲಸ ಮಾಡುವ ಓದುಗರು,
ಚಿಕ್ಕೋಡಿ, ಬೆಳಗಾವಿ ಜಿಲ್ಲೆ