ಮುಂದಿನ ತಿಂಗಳಿಂದ ನಿಮ್ಮ ಹಸ್ತಪ್ರತಿ ಒಂದೇ ಕಡೆ ಇರುತ್ತದೆ

ಆತ್ಮೀಯ ಲೇಖಕರೇ, ಪ್ರಕಾಶಕರೇ, ಸ್ಮರಣ ಸಂಚಿಕೆ ಮತ್ತು ವಾರ್ಷಿಕ ವರದಿ ಮಾಡಿಸುವ ಸಂಘ-ಸಂಸ್ಥೆಗಳವರೇ,

ಪುಸ್ತಕಗಳಿಗೆ ಅಕ್ಷರ ಜೋಡಿಸಿ ಪುಟ ಕಟ್ಟಿಕೊಡುವ ನಾವು, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಸ್ತಪ್ರತಿಗಳನ್ನು ವಾಟ್ಸಾಪ್‌ನಲ್ಲಿ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಿದ್ದೇವೆ. ತಿದ್ದುಪಡಿಗಳನ್ನು ಇಮೇಲ್‌ನಲ್ಲಿ ಕಳಿಸುವುದೂ ಬೇಡ. ಪ್ರತಿ ಪುಸ್ತಕಕ್ಕೂ ಆನ್‌ಲೈನ್‌ನಲ್ಲಿ ಒಂದು ಫೋಲ್ಡರ್ ಮಾಡುತ್ತೇವೆ. ನೀವು, ನಮ್ಮ ಕರಡು ತಿದ್ದುವವರು, ಪುಟ ಕಟ್ಟುವವರು, ಮುಖಪುಟ ಮಾಡುವವರು, ಎಲ್ಲರೂ ಅಲ್ಲೇ ಕೆಲಸ ಮಾಡುವುದು. ಪುಟದ ದರ ಮೊದಲಿನಷ್ಟೇ. ಇಂಥ ಪತ್ರ ಬಂದ ತಕ್ಷಣ ಎಲ್ಲರಿಗೂ ಮೊದಲು ಬರುವ ಅನುಮಾನ ಅದೇ ಅಲ್ವಾ, ಹಾಗಾಗಿ ಮೊದಲೇ ಹೇಳಿಬಿಟ್ಟೆವು.

ಯಾಕೆ ಈ ಬದಲಾವಣೆ ಅಂದರೆ, ನಾವೀಗ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವವರಲ್ಲ. ಕಚೇರಿ ಶಿವಮೊಗ್ಗದಲ್ಲಿದೆ, ಪುಟ ಕಟ್ಟುವುದು ಇಲ್ಲೇ. ಕರಡು ನೋಡುವ ಮೇಷ್ಟ್ರು ಧಾರವಾಡದಲ್ಲಿದ್ದಾರೆ, ಇನ್ನೊಬ್ಬರು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಮುಖಪುಟ ತಯಾರಾಗುವುದೂ ಅಚ್ಚಾಗುವುದೂ ಬೆಂಗಳೂರಿನಲ್ಲಿ. ಒಂದು ಉದಾಹರಣೆ ಹೇಳುತ್ತೇವೆ. ಮುನ್ನುಡಿ ತಡವಾಗಿ ಬರುವುದು ಕನ್ನಡ ಪುಸ್ತಕಗಳಲ್ಲಿ ಹಳೇ ಸಂಪ್ರದಾಯ. ಪುಟವೆಲ್ಲ ಕಟ್ಟಿ ಮುಗಿದ ಮೇಲೆ ಎರಡು ಪುಟದ ಮುನ್ನುಡಿ ಬಂತು ಅಂದುಕೊಳ್ಳಿ. ಪುಸ್ತಕ ಅಚ್ಚಾಗುವುದು 16 ಪುಟದ ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ಹಾಳೆ) ಲೆಕ್ಕದಲ್ಲಿ. ಕೊನೆಯ ಫಾರಂನಲ್ಲಿ ಖಾಲಿ ಪುಟ ಇದ್ದರೆ ಸರಿ, ಇಲ್ಲದಿದ್ದರೆ ಇನ್ನೊಂದು ಅರ್ಧ ಫಾರಂ ಸೇರಿಸಬೇಕು. ಆಗ ಪುಸ್ತಕ ದಪ್ಪವಾಗುತ್ತದೆ, ಬೆನ್ನಿನ ಅಗಲ ಬದಲಾಗುತ್ತದೆ, ಬೆನ್ನಿನ ಮೇಲಿನ ಹೆಸರು ಒಂದು ಪಕ್ಕಕ್ಕೆ ಜಾರುತ್ತದೆ. ಪರಿವಿಡಿಯ ಪುಟಸಂಖ್ಯೆ, ಕಾಗದದ ಲೆಕ್ಕ ಎಲ್ಲವೂ ಬದಲಾಗುತ್ತದೆ. ಎರಡು ಪುಟದ ಆ ವಿಷಯ ಮೂರು ಊರಿನ ನಾಲ್ಕು ಜನಕ್ಕೆ ಅವತ್ತೇ ಗೊತ್ತಾಗಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಮೆಸೇಜ್ ಹಾಕಿಕೊಂಡು ಕೂತರೆ ಪುಟ ಕಟ್ಟುವುದು ಯಾವಾಗ?

ನಾವು ಆರಿಸಿಕೊಂಡ ತಂತ್ರಾಂಶ ನೆಕ್ಸ್ಟ್‌ಕ್ಲೌಡ್. 2016ರಲ್ಲಿ ಜರ್ಮನಿಯಲ್ಲಿ ಶುರುವಾದ ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಹಾಕಿಕೊಂಡು ಬಳಸಬಹುದಾದದ್ದು. ದೊಡ್ಡ ಕಂಪನಿಗಳ ಸೇವೆಗಳನ್ನೂ ನೋಡಿದೆವು. ಅವು ಚೆನ್ನಾಗಿವೆ, ಆದರೆ ಅಲ್ಲಿ ಸಾಮಾನ್ಯವಾಗಿ ತಲೆಗಿಷ್ಟು ಅಂತ ತಿಂಗಳ ಬಾಡಿಗೆ. ನಮ್ಮ ಬಳಿ ಒಂದೇ ಪುಸ್ತಕಕ್ಕೆ ಬಂದು ಹೋಗುವ ಲೇಖಕರೇ ಜಾಸ್ತಿ. ನೆಕ್ಸ್ಟ್‌ಕ್ಲೌಡ್‌ನಲ್ಲಿ ನೀವು ಖಾತೆ ತೆರೆಯಬೇಕಿಲ್ಲ. ಒಂದು ಲಿಂಕ್, ಒಂದು ಪಾಸ್‌ವರ್ಡ್ ಕೊಡುತ್ತೇವೆ, ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ. ಪುಸ್ತಕ ಮುಗಿದ ಮೇಲೆ ಲಿಂಕ್ ತಾನಾಗಿಯೇ ಮುಚ್ಚುವಂತೆ ತಾರೀಖು ಹಾಕಿರುತ್ತೇವೆ. ಪಾಸ್‌ವರ್ಡ್ ಫೋನ್ ಮಾಡಿ ಹೇಳುತ್ತೇವೆ. ಲಿಂಕ್ ಜೊತೆಗೇ ಅದನ್ನೂ ಬರೆದು ಕಳಿಸಿದರೆ ಪಾಸ್‌ವರ್ಡ್ ಇಟ್ಟು ಏನು ಪ್ರಯೋಜನ?

ಅದರೊಳಗೆ ಪಠ್ಯ ತಿದ್ದಲು ಕೊಲ್ಯಾಬೊರಾ ಎಂಬ ಸಲಕರಣೆ ಇದೆ. ಲಿಬ್ರೆಆಫೀಸ್ ಬಳಸಿದವರಿಗೆ ಪರಿಚಿತ ಅನಿಸುತ್ತದೆ, ಅದರ ಮೇಲೆಯೇ ಕಟ್ಟಿದ್ದು. ಧಾರವಾಡದ ಮೇಷ್ಟ್ರು ಮೂರನೇ ಅಧ್ಯಾಯದ ಕಾಗುಣಿತ ನೋಡುತ್ತಿರುವಾಗಲೇ ನೀವು ಏಳನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿಸಬಹುದು. ಯಾರು ಏನು ಬದಲಿಸಿದರು ಅಂತ ಬಣ್ಣದಲ್ಲಿ ಕಾಣುತ್ತದೆ. ಇದರ ಇನ್ನೊಂದು ಗುಣ ನಮಗೆ ತುಂಬ ಹಿಡಿಸಿತು. ಪುಟದ ಚಿತ್ರ ಸರ್ವರಿನಲ್ಲೇ, ಅಂದರೆ ಈ ಫೋಲ್ಡರ್ ಇರುವ ದೂರದ ಕಂಪ್ಯೂಟರಿನಲ್ಲೇ, ಸಿದ್ಧವಾಗಿ ನಿಮ್ಮ ಪರದೆಗೆ ಬರುತ್ತದೆ. ಹಾಗಾಗಿ ಕನ್ನಡ ಫಾಂಟ್‌ಗಳು ಸರ್ವರಿನಲ್ಲಿದ್ದರೆ ಸಾಕು. ನಾವು ನೋಟೊ ಸೆರಿಫ್, ಕೇದಗೆ, ಗುಬ್ಬಿ, ನವಿಲು ಹಾಕಿದ್ದೇವೆ. ಅಮೆರಿಕದಲ್ಲಿರುವ ಮಗನ ಲ್ಯಾಪ್‌ಟಾಪ್‌ನಲ್ಲಿ ತೆರೆದರೂ ಪುಟ ಹಾಗೇ ಕಾಣುತ್ತದೆ.

ಇನ್ನು ಸ್ವಲ್ಪ ಕಷ್ಟದ ವಿಷಯ. ಹಸ್ತಪ್ರತಿ ಯುನಿಕೋಡ್‌ನಲ್ಲೇ ಇರಬೇಕು, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಗುರುತಿನ ಸಂಖ್ಯೆ ಇರುವ ಪದ್ಧತಿಯಲ್ಲಿ.

ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹಗಳ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತದಲ್ಲಿ ನಿಜವಾಗಿ ಕನ್ನಡ ಅಕ್ಷರಗಳು ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ತೆಗೆದರೆ ಉಳಿಯುವುದು ಕಲಸುಮೇಲೋಗರ. ಸರ್ವರಿಗೆ ಆ ಫಾಂಟ್ ಹಾಕಿದರೆ ಓದಲು ಬರುತ್ತದೆ ನಿಜ. ಆದರೆ ‘ಶರಣ’ ಅಂತ ಹುಡುಕಿದರೆ ಸಿಗುವುದಿಲ್ಲ, ಕಾಗುಣಿತ ಪರೀಕ್ಷೆಯೂ ಆಗುವುದಿಲ್ಲ. ಪುಟ ಕಟ್ಟುವ ಹಳೇ ತಂತ್ರಾಂಶವಾದ ಪೇಜ್‌ಮೇಕರ್ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಅದು 2001ರ ಏಳನೇ ಆವೃತ್ತಿಗೆ ನಿಂತುಹೋಯಿತು, ಯುನಿಕೋಡ್ ಕನ್ನಡ ಅದಕ್ಕೆ ಕೊನೆಗೂ ಬರಲಿಲ್ಲ. ನಾವೀಗ ಪುಟ ಕಟ್ಟುವುದು ಇನ್‌ಡಿಸೈನ್‌ನಲ್ಲಿ, ಅದರಲ್ಲಿ ಆ ತೊಂದರೆ ಇಲ್ಲ.

ನಿಮ್ಮ ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ, ಬರಹದಲ್ಲೂ ಇದೆ. ಕೀಲಿಮಣೆ ಅದೇ. ಈಗಾಗಲೇ ಹಳೇ ಫಾಂಟ್‌ನಲ್ಲಿ ಬರೆದು ಮುಗಿಸಿದ್ದರೆ ಹಾಗೇ ಕೊಡಿ, ನಾವೇ ಪರಿವರ್ತಿಸುತ್ತೇವೆ. ಆಮೇಲೆ ನೀವೂ ಒಮ್ಮೆ ಕಣ್ಣಾಡಿಸಲೇಬೇಕು. ಪಠ್ಯದ ನಡುವೆ ಇಂಗ್ಲಿಷ್ ಪದವೋ ವೆಬ್ ವಿಳಾಸವೋ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಡುತ್ತದೆ. ‘ರಾಜ್‌ಕುಮಾರ್’ ಕೆಲವು ಸಲ ‘ರಾಜ್ಕುಮಾರ್’ ಆಗುತ್ತಾರೆ. ಅರ್ಕಾವತ್ತಿನ ಕಥೆ ಇನ್ನೊಂದು. ಹಳೇ ಫಾಂಟ್‌ನಲ್ಲಿ ‘ಧರ್ಮ’ದ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಮಕಾರದ ನಂತರ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಒತ್ತಕ್ಷರದ ಜೊತೆ ದೀರ್ಘವೂ ಸೇರಿದ ಕಡೆ ಈ ಅದಲುಬದಲಿನಲ್ಲಿ ಎಡವಟ್ಟು ಆಗುವುದುಂಟು. ಊರಿನ ಹೆಸರು, ಮನೆತನದ ಹೆಸರು ನಿಮಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ.

ಇನ್ನೊಂದು ನಿಯಮವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಆನ್‌ಲೈನ್ ಪಠ್ಯ ಬೇರೆ, ಕಟ್ಟಿದ ಪುಟ ಬೇರೆ. ಇನ್‌ಡಿಸೈನ್‌ಗೆ ಪಠ್ಯ ಹೋದ ಮೇಲೆ ಆನ್‌ಲೈನ್ ಕಡತದಲ್ಲಿ ನೀವು ಎಷ್ಟು ತಿದ್ದಿದರೂ ಪುಟಕ್ಕೆ ಅದು ತಾನಾಗಿ ಬರುವುದಿಲ್ಲ. ಅದಕ್ಕೆ ಪ್ರತಿ ಪುಸ್ತಕಕ್ಕೂ ನಿಮ್ಮನ್ನು ಕೇಳಿಯೇ ಒಂದು ತಾರೀಖು ಇಡುತ್ತೇವೆ. ಅವತ್ತು ಸಂಜೆ ಪಠ್ಯಕ್ಕೆ ಬೀಗ. ಮರುದಿನದಿಂದ ನಿಮಗೆ ಓದಲಷ್ಟೇ ಬರುತ್ತದೆ. ಪುಟ ಸಿದ್ಧವಾದಾಗ ಅದೇ ಫೋಲ್ಡರಿನಲ್ಲಿ ಪಿಡಿಎಫ್ ಇಡುತ್ತೇವೆ, ತಪ್ಪು ಕಂಡಲ್ಲಿ ಅದರ ಮೇಲೇ ಟಿಪ್ಪಣಿ ಹಾಕಿ. ‘ಪುಟ 84, ಕೆಳಗಿನಿಂದ ನಾಲ್ಕನೇ ಸಾಲು’ ಅಂತ ಬರೆದು ಕಳಿಸುವ ಕಷ್ಟ ಇಲ್ಲ. ಕವಿಗಳು ಈ ಬೀಗಕ್ಕೆ ಒಪ್ಪುವುದು ಕಷ್ಟ ಅಂತ ಗೊತ್ತು. ಅವರಿಗೆ ಒಂದು ವಾರ ಜಾಸ್ತಿ ಕೊಡುತ್ತೇವೆ, ಅದಕ್ಕಿಂತ ಹೆಚ್ಚು ಇಲ್ಲ.

‘ಯಾರಾದರೂ ಅಳಿಸಿಬಿಟ್ಟರೆ?’ ಅಂತ ಒಬ್ಬ ಹಿರಿಯರು ಕೇಳಿದರು. ಹಳೇ ರೂಪಗಳು ಉಳಿದಿರುತ್ತವೆ. ಆದರೆ ಎಲ್ಲವೂ ಎಂದೆಂದಿಗೂ ಅಲ್ಲ. ಮೊದಲ ದಿನ ಗಂಟೆಗೊಂದು, ಒಂದು ತಿಂಗಳವರೆಗೆ ದಿನಕ್ಕೊಂದು, ಆಮೇಲೆ ವಾರಕ್ಕೊಂದು ರೂಪ ಇಟ್ಟುಕೊಂಡು ಉಳಿದದ್ದನ್ನು ತಂತ್ರಾಂಶ ತೆಗೆದುಹಾಕುತ್ತದೆ. ಹೆಸರು ಕೊಟ್ಟ ರೂಪವನ್ನು ಮಾತ್ರ ಮುಟ್ಟುವುದಿಲ್ಲ. ಹಾಗಾಗಿ ‘ಲೇಖಕರು ಕೊಟ್ಟದ್ದು’, ‘ಮೊದಲ ಕರಡು ಆದ ಮೇಲೆ’, ‘ಬೀಗದ ದಿನ’ ಎಂದು ಹಂತಹಂತಕ್ಕೆ ಹೆಸರಿಟ್ಟು ಉಳಿಸುತ್ತೇವೆ. ಇದಲ್ಲದೆ ಪ್ರತಿ ರಾತ್ರಿ ಇಡೀ ಸರ್ವರಿನ ಒಂದು ನಕಲು ಬೇರೆ ಜಾಗಕ್ಕೆ ಹೋಗುತ್ತದೆ.

ಸರ್ವರನ್ನು ನಮ್ಮ ಕಚೇರಿಯಲ್ಲಿ ಇಟ್ಟಿಲ್ಲ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಒಂದು ಮರ ಲೈನ್ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮುಂಬೈಯ ಡೇಟಾ ಸೆಂಟರ್ ಒಂದರಲ್ಲಿ ಬಾಡಿಗೆಗೆ ಜಾಗ ಹಿಡಿದಿದ್ದೇವೆ. ನಮ್ಮಲ್ಲಿ ಕರೆಂಟ್ ಹೋದರೂ ನಿಮ್ಮ ಹಸ್ತಪ್ರತಿ ನಿಮಗೆ ಸಿಗುತ್ತದೆ. ಒಂದೇ ಒಂದು ಕೋರಿಕೆ. ಕಡತವನ್ನು ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ತಿದ್ದಿ ಮತ್ತೆ ಏರಿಸಬೇಡಿ. ಅಷ್ಟರಲ್ಲಿ ತೀರ್ಥಹಳ್ಳಿಯವರು ಅದೇ ಅಧ್ಯಾಯ ತಿದ್ದಿರುತ್ತಾರೆ, ಆಮೇಲೆ ಎರಡು ಕಡತ ಪಕ್ಕಪಕ್ಕ ಇಟ್ಟು ಸಾಲುಸಾಲು ಹೋಲಿಸಬೇಕು. ನೆಟ್ ಇಲ್ಲದ ದಿನ ಸುಮ್ನೆ ಕಾಗದದಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಫೋನಿನಲ್ಲಿ ಓದಬಹುದು, ಟಿಪ್ಪಣಿ ಹಾಕಬಹುದು. ತಿದ್ದುವುದನ್ನು ಮಾತ್ರ ಕಂಪ್ಯೂಟರಿನಲ್ಲೇ ಮಾಡಿ. ಫೋಟೋಗಳನ್ನೂ ಇದೇ ಫೋಲ್ಡರಿಗೆ ಹಾಕಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, ಅಚ್ಚಿನಲ್ಲಿ ಅಜ್ಜನ ಮುಖ ಮಸುಕಾಗುತ್ತದೆ.

ಕೈಬರಹದಲ್ಲೇ ಬರೆಯುವವರು ದಯವಿಟ್ಟು ಗಾಬರಿಯಾಗಬೇಡಿ. ನಿಮಗೆ ಏನೂ ಬದಲಾಗಿಲ್ಲ. ಅಂಚೆಯಲ್ಲಿ ಕಳಿಸಿ, ಕಚೇರಿಗೆ ತಂದರೂ ಸರಿ. ಟೈಪ್ ಮಾಡಿಸುತ್ತೇವೆ, ಕರಡು ಅಚ್ಚು ಹಾಕಿ ಮನೆಗೇ ಕಳಿಸುತ್ತೇವೆ, ನೀವು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ನಾವೇ ಫೋಲ್ಡರಿಗೆ ಏರಿಸುತ್ತೇವೆ. ವಾಟ್ಸಾಪ್, ಫೋನ್ ಎರಡೂ ಮಾತಿಗೆ ಇದ್ದೇ ಇರುತ್ತವೆ.

ಸದ್ಯ ಪುಟ ಕಟ್ಟುತ್ತಿರುವ ಪುಸ್ತಕಗಳು ಹಳೇ ರೀತಿಯಲ್ಲೇ ಮುಗಿಯುತ್ತವೆ. ಸೆಪ್ಟೆಂಬರ್ ಮಹಾಸಭೆಯ ವಾರ್ಷಿಕ ವರದಿ, ರಾಜ್ಯೋತ್ಸವಕ್ಕೆ ಬರುವ ಪುಸ್ತಕಗಳು ಹೊಸ ವ್ಯವಸ್ಥೆಯಲ್ಲಿ ಶುರುವಾಗಲಿ. ಲೆಕ್ಕಪತ್ರದ ಪುಟಗಳನ್ನು ಸಂಘದ ಕಾರ್ಯದರ್ಶಿ ಮತ್ತು ಲೆಕ್ಕಿಗರಿಗೆ ಮಾತ್ರ ಕಾಣುವಂತೆ ಬೇರೆ ಲಿಂಕ್ ಮಾಡಿಕೊಡುತ್ತೇವೆ, ಮೊದಲೇ ತಿಳಿಸಿ.

ಹಳೇ ಪುಸ್ತಕದ ಮರುಮುದ್ರಣ ಯೋಚಿಸುತ್ತಿದ್ದರೆ ಪೇಜ್‌ಮೇಕರ್ ಕಡತ ನಮ್ಮಲ್ಲಿದೆಯೇ ಅಂತ ಕೇಳಿ ನೋಡಿ. ಇದ್ದರೆ ಯುನಿಕೋಡ್‌ಗೆ ತಂದುಕೊಡುತ್ತೇವೆ. ಇದಕ್ಕೆ ಮಾತ್ರ ಬೇರೆ ದರ, ಕೆಲವು ಪುಟ ನೋಡಿದ ಮೇಲೆ ಹೇಳುತ್ತೇವೆ. ಹಳಗನ್ನಡ ಪದ್ಯ, ಅಡಿಟಿಪ್ಪಣಿ ಜಾಸ್ತಿ ಇದ್ದರೆ ಕೆಲಸವೂ ಜಾಸ್ತಿ.

ಇಂತಿ ನಿಮ್ಮ,
ಅಕ್ಷರ ಜೋಡಣೆ ಮತ್ತು ಪುಟ ವಿನ್ಯಾಸ ಬಳಗ
ಶಿವಮೊಗ್ಗ