ಒಂದೇ ರಾತ್ರಿಯಲ್ಲಿ ತೂಕ ಇಳಿಸುವುದನ್ನು ದಯವಿಟ್ಟು ಹೊಗಳಬೇಡಿ

ಸಂಪಾದಕರಿಗೆ ನಮಸ್ಕಾರ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತಮ್ಮ ತೂಕದ ವರ್ಗದ ಮಿತಿಗಿಂತ 100 ಗ್ರಾಂ ಜಾಸ್ತಿ ತೂಗಿ ಫೈನಲ್ ಆಡದೆ ಹೊರಬಿದ್ದಾಗ ಎಲ್ಲರೂ ಮರುಗಿದೆವು. ಅದೇ ವಾರ ಇನ್ನೊಬ್ಬ ಕುಸ್ತಿಪಟು ಅಮನ್ ಸೆಹ್ರಾವತ್ ಹತ್ತು ಗಂಟೆಯಲ್ಲಿ ನಾಲ್ಕೂವರೆ ಕೇಜಿಗಿಂತ ಜಾಸ್ತಿ ಇಳಿಸಿ ಕಂಚು ಗೆದ್ದರು. ಪತ್ರಿಕೆ, ಟಿವಿ ಎಲ್ಲ ಆ ರಾತ್ರಿಯನ್ನೇ ಹಾಡಿ ಹೊಗಳಿದವು. ಅವರ ಜೊತೆ ಕೋಚ್‌ಗಳಿದ್ದರು, ಕಣ್ಣಿಟ್ಟು ನೋಡಿಕೊಳ್ಳುವವರಿದ್ದರು. ಇಲ್ಲಿ ಪುಣೆಯ ತಾಲೀಮಿನ, ಅಂದರೆ ಗರಡಿಮನೆಯ, ಹುಡುಗರಿಗೆ ಯಾರಿದ್ದಾರೆ?

ನನ್ನ ಅಕ್ಕನ ಮಗ ಪೇಟೆ ಭಾಗದ ಒಂದು ತಾಲೀಮಿನಲ್ಲಿ ಕುಸ್ತಿ ಕಲಿಯುತ್ತಾನೆ. ಇನ್ನೂ ಮೀಸೆ ಚಿಗುರುವ ವಯಸ್ಸು. ಸೆಲೆಕ್ಷನ್ ಹತ್ತಿರ ಬಂತೆಂದರೆ ಸುಡು ಬಿಸಿಲಲ್ಲಿ ಎರಡು ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಕೊಂಡು ಪರ್ವತಿ ಗುಡ್ಡದ ಮೆಟ್ಟಿಲು ಹತ್ತಿ ಇಳಿಯುತ್ತಾನೆ, ಚೂಯಿಂಗ್ ಗಮ್ ಜಗಿದು ಎಂಜಲನ್ನು ಬಾಟಲಿಗೆ ಉಗುಳುತ್ತಾನೆ, ನೀರು ಅಂದರೆ ತುಟಿ ಒದ್ದೆ ಮಾಡುವಷ್ಟು ಮಾತ್ರ. ಹೀಗೆ ಹೋಗುವುದು ಕೊಬ್ಬಲ್ಲ, ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೇಜಿ, ಅಷ್ಟೇ ಲೆಕ್ಕ. ರಕ್ತದಲ್ಲಿ ನೀರು ಕಡಿಮೆಯಾದರೆ ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ, ಬೆವರು ಕಡಿಮೆಯಾಗುತ್ತದೆ, ಮೈ ಕಾದು ಹೋಗುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 1997ರ ಕೊನೆಯಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೇ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿ ರಬ್ಬರ್ ಸೂಟ್, ಸೌನಾ ಎಲ್ಲ ನಿಷೇಧವಾಯಿತು. ಸೀಸನ್ ಶುರುವಿನಲ್ಲೇ ಮೂತ್ರ ಪರೀಕ್ಷೆ ಮಾಡಿ, ಮೈಯ ಕೊಬ್ಬು ನೋಡಿ, ಯಾರು ಯಾವ ತೂಕದವರೆಗೆ ಇಳಿಯಬಹುದು ಅಂತ ಗೊತ್ತು ಮಾಡುತ್ತಾರೆ. ವಾರಕ್ಕೆ ಮೈತೂಕದ ಶೇ 1.5ಕ್ಕಿಂತ ಜಾಸ್ತಿ ಇಳಿಸುವಂತಿಲ್ಲ. ಅಂದರೆ 50 ಕೇಜಿ ಹುಡುಗನಿಗೆ ವಾರಕ್ಕೆ 750 ಗ್ರಾಂ.

ನಮ್ಮ ಕಡೆ ತೊಂದರೆಯ ಬೇರು ಊಟದಲ್ಲೇ ಇದೆ ಅನ್ನಿಸುತ್ತದೆ ನನಗೆ. ಬಾದಾಮಿ ಥಂಡಾಯಿ, ತುಪ್ಪ, ಲೀಟರ್‌ಗಟ್ಟಲೆ ಹಾಲು, ಇದು ಮಣ್ಣಿನ ಕುಸ್ತಿಯ ಊಟ. ಅಲ್ಲಿ ಮೈ ಬೆಳೆದಷ್ಟೂ ಲಾಭ. ಮ್ಯಾಟ್ ಮೇಲೆ ತಕ್ಕಡಿಯದ್ದೇ ಕಾನೂನು. ಆದರೆ ಹುಡುಗರು ವರ್ಷವಿಡೀ ಮಣ್ಣಿನ ಊಟ ಉಂಡು, ಕೊನೆಯ ಮೂರು ದಿನ ಉಪವಾಸ ಬೀಳುತ್ತಾರೆ. 2018ರಿಂದ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತೂಕ ನೋಡುವುದು ಆಟದ ದಿನ ಬೆಳಿಗ್ಗೆಯೇ. ಬತ್ತಿದ ಮೈಗೆ ಕಸುವು ತುಂಬಲು ಹೊತ್ತೆಲ್ಲಿದೆ?

ಇಳಿಸಲೇಬೇಕಿದ್ದರೆ ಎರಡು ತಿಂಗಳು ಮುಂಚೆ ಶುರು ಮಾಡಲಿ. ಜೋಳದ ರೊಟ್ಟಿ ಒಂದು ಕಡಿಮೆ, ತುಪ್ಪ ಒಂದೇ ಚಮಚ, ವಡಾಪಾವ್ ಬಂದ್. ಬೇಳೆ, ಮೊಳಕೆ ಕಾಳು, ಮೊಟ್ಟೆ, ಮೊಸರು ಮಾತ್ರ ಕಡಿಮೆಯಾಗಬಾರದು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನೀರು ಬಿಡುವ ಮಾತೇ ಬೇಡ. ಇನ್ನು ಬೆಳೆಯುತ್ತಿರುವ ಮಕ್ಕಳನ್ನು ಕೆಳಗಿನ ತೂಕಕ್ಕೆ ಎಳೆಯುವುದೇ ತಪ್ಪು, ಮೇಲಿನ ತೂಕದಲ್ಲಿ ಆಡಿಸಿ. ಸೋತರೆ ಸೋಲಲಿ, ಮುಂದಿನ ವರ್ಷ ಆ ತೂಕಕ್ಕೆ ಅವನೇ ಬೆಳೆದಿರುತ್ತಾನೆ ಅಲ್ವಾ?

ತಾಲೀಮಿನ ಗುರುಗಳಾದ ವಸ್ತಾದರು, ಜಿಲ್ಲಾ ಮಟ್ಟದ ಸ್ಪರ್ಧೆ ನಡೆಸುವವರು ಸೀಸನ್ ಮುಂಚೆಯೇ ಎಲ್ಲರ ತೂಕ ಬರೆದಿಡಲಿ. ತಮ್ಮಲ್ಲಿ ಒಂದು ವಿನಂತಿ: ರಾತ್ರೋರಾತ್ರಿ ಇಷ್ಟು ಕೇಜಿ ಇಳಿಸಿದ ಅಂತ ಇನ್ನೊಮ್ಮೆ ಸುದ್ದಿ ಬಂದರೆ, ಅದಕ್ಕೂ ಮುಂಚಿನ ಎರಡು ತಿಂಗಳು ಅವನು ಏನು ಉಂಡ, ಅಷ್ಟು ತೂಕ ಉಳಿದದ್ದಾದರೂ ಯಾಕೆ ಅಂತ ಕೇಳಿ, ಅದನ್ನೂ ಅಚ್ಚು ಹಾಕಿ.

ಒಬ್ಬ ಓದುಗ, ಹಡಪ್ಸರ, ಪುಣೆ