ವೀಲ್ ನಿಂತದ್ದು ಕೊರೊನಾದಿಂದಲ್ಲ

ಮಾನ್ಯ ಸಂಪಾದಕರೇ,

ದಾವಣಗೆರೆ ಬೈಪಾಸ್ ಪಕ್ಕದ ವಾಟರ್ ಪಾರ್ಕ್‌ನಲ್ಲಿ ಭಾನುವಾರ ಜೈಂಟ್ ವೀಲ್ ಅರ್ಧಕ್ಕೆ ನಿಂತು ಜನ ಮೇಲೆಯೇ ಸಿಕ್ಕಿಕೊಂಡ ವರದಿ ಓದಿದೆ. ವರದಿಗಿಂತ ದೊಡ್ಡದಾಗಿ ಮಾಲೀಕರ ಅಳಲು ಅಚ್ಚಾಗಿದೆ. ಕೊರೊನಾದಿಂದ ಎರಡು ಬೇಸಿಗೆ ಮಣ್ಣುಪಾಲಾಯಿತಂತೆ, ಸರ್ಕಾರ ಕೈಹಿಡಿಯಲಿಲ್ಲವಂತೆ, ಡಿಸ್ನಿಯೇ ಬಾಗಿಲು ಹಾಕಿರುವಾಗ ನಮ್ಮದೇನು ಲೆಕ್ಕವಂತೆ, ವೀಲ್ ನಿಂತದ್ದು ಕರೆಂಟ್ ಹೋದದ್ದರಿಂದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಂದು ನಾನೂ ಅಲ್ಲಿದ್ದೆ. ಕರೆಂಟ್ ಹೋದದ್ದು ನಿಜ. ಕೆಲವೇ ನಿಮಿಷದಲ್ಲಿ ಬಂದದ್ದೂ ನಿಜ. ಕ್ಯಾಂಟೀನ್ ಫ್ಯಾನ್ ತಿರುಗಿತು, ಮೈಕಿನಲ್ಲಿ ಹಾಡು ಮತ್ತೆ ಶುರುವಾಯಿತು, ವೀಲ್ ಮಾತ್ರ ಅಲ್ಲಾಡಲಿಲ್ಲ. ಯಾಕೆಂದರೆ ತೊಟ್ಟಿಲುಗಳನ್ನು ತುಂಬಿದ ರೀತಿಯೇ ತಪ್ಪಿತ್ತು. ಜೈಂಟ್ ವೀಲಿಗೆ ಜನರನ್ನು ಹತ್ತಿಸುವಾಗ ಒಂದು ತೊಟ್ಟಿಲು ತುಂಬಿದರೆ ಮುಂದಿನದು ಅದರ ನೇರ ಎದುರಿನದು. ಆಗ ಎರಡೂ ಕಡೆ ಭಾರ ಸಮ ಇರುತ್ತದೆ. ಅಂತರ ಕಾಯುವ ನೆಪದಲ್ಲಿ ಒಂದು ಬಿಟ್ಟು ಒಂದರಂತೆ ಕೂರಿಸಿದರು, ಅದೂ ಕಾದಿದ್ದವರ ಸಾಲು ಮುಗಿದಲ್ಲಿಗೆ ನಿಲ್ಲಿಸಿದರು. ಅರ್ಧ ಚಕ್ರ ತುಂಬಿತ್ತು, ಅರ್ಧ ಖಾಲಿ. ಕರೆಂಟ್ ವಾಪಸ್ ಬಂದಾಗ ಆ ಒಂದೇ ಪಕ್ಕದ ಭಾರವನ್ನು ನಿಂತಲ್ಲಿಂದ ಎತ್ತಲು ಹೋದ ಮೋಟಾರು ಮಿತಿಮೀರಿ ಕರೆಂಟ್ ಎಳೆಯಿತು, ಮೋಟಾರು ಸುಡದಂತೆ ಕರೆಂಟ್ ಕಡಿಯುವ ಓವರ್‌ಲೋಡ್ ರಿಲೇ ಟ್ರಿಪ್ ಆಯಿತು. ರೀಸೆಟ್ ಒತ್ತುವುದು, ಟ್ರಿಪ್ ಆಗುವುದು, ಮತ್ತೆ ಒತ್ತುವುದು, ಇದೇ ನಡೆದಿತ್ತು. ಇನ್ನೆರಡು ಸಲ ಒತ್ತಿದ್ದರೆ ಮೋಟಾರಿನ ವೈಂಡಿಂಗೇ (ತಂತಿ ಸುರುಳಿ) ಸುಟ್ಟುಹೋಗುತ್ತಿತ್ತು.

ಇಂಥ ಹೊತ್ತಿಗೆಂದೇ ಮೋಟಾರಿನ ಬ್ರೇಕಿಗೆ ಕೈಯಿಂದ ಬಿಡಿಸುವ ಹಿಡಿಕೆ ಇರುತ್ತದೆ. ಒಬ್ಬ ಹಿಡಿಕೆಯನ್ನು ಇಂಚಿಂಚಾಗಿ ಸಡಿಲಿಸಬೇಕು, ಇನ್ನೊಬ್ಬ ವೇದಿಕೆಯಲ್ಲಿ ನಿಂತಿರಬೇಕು. ಭಾರವಾದ ಪಕ್ಕ ತಾನಾಗಿಯೇ ಕೆಳಗೆ ಬರುತ್ತದೆ. ಬಂದವರನ್ನು ಇಳಿಸುತ್ತ ಹೋದರೆ ಕೊನೆಗೆ ಉಳಿದ ಒಂದೆರಡು ತೊಟ್ಟಿಲಿಗೆ ಮಾತ್ರ ಕೈರಾಟೆ ಬೇಕಾಗುತ್ತದೆ. ಇಬ್ಬರು ತಿಳಿದವರಿದ್ದರೆ ಆಗುವ ಕೆಲಸ. ತಿಳಿದವರನ್ನು ಕಳೆದ ವರ್ಷವೇ ಮನೆಗೆ ಕಳಿಸಿಯಾಗಿದೆ. ಭಾನುವಾರ ಪ್ಯಾನೆಲ್ ಮುಂದೆ ನಿಂತಿದ್ದ ಹುಡುಗನಿಗೆ ಗೊತ್ತಿದ್ದದ್ದು ಹಸಿರು ಗುಂಡಿ, ಕೆಂಪು ಗುಂಡಿ. ಅವನನ್ನು ಬೈದು ಪ್ರಯೋಜನವಿಲ್ಲ.

ಜನರೇಟರ್ ಇರಲಿಲ್ಲವೇ? ಇತ್ತು, ಹೊಸ ಬಣ್ಣ ಬಳಿಸಿಕೊಂಡು. ಬ್ಯಾಟರಿ ಸತ್ತಿತ್ತು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಬಿಟ್ಟರೂ ಇಳಿಯುತ್ತದೆ. ಚಾರ್ಜರಿಗೆ ಹಾಕಿಟ್ಟಿರಬೇಕು, ವಾರಕ್ಕೊಮ್ಮೆ ಕಾಲು ಗಂಟೆಯಾದರೂ ಲೋಡ್ ಮೇಲೆ ಜನರೇಟರ್ ಓಡಿಸಬೇಕು.

ಉಳಿದ ಸತ್ಕಾರ ಕೇಳಿ. ನೀರಿನ ಆಟ ಒಂದೂ ಇರಲಿಲ್ಲ. 2021ರ ಜುಲೈ 25ರಿಂದ ಪಾರ್ಕ್ ತೆರೆಯಬಹುದು, ನೀರಿನಾಟ ಬೇಡ ಎಂದು ಸರ್ಕಾರವೇ ಹೇಳಿದ್ದರಿಂದ ಅದಕ್ಕೆ ತಕರಾರಿಲ್ಲ. ಟಿಕೆಟ್ ದರ ಮಾತ್ರ ನೀರಿನಾಟ ಸೇರಿಸಿಯೇ! ಗೇಟಿನಲ್ಲಿ ಹಣೆಗೆ ತಾಪಮಾಪಕ ಹಿಡಿದರು, ಅದರ ಸೆಲ್ ಮುಗಿದಿತ್ತು. ಮಕ್ಕಳ ಕೈಯಲ್ಲಿದ್ದ ಖಾರ ಮಂಡಕ್ಕಿ ಪೊಟ್ಟಣವನ್ನು ಸೋಂಕಿನ ಹೆಸರಲ್ಲಿ ಕಿತ್ತಿಟ್ಟುಕೊಂಡು, ಒಳಗೆ ಅದೇ ಮಂಡಕ್ಕಿಯನ್ನು ಮೂರು ಪಟ್ಟು ಬೆಲೆಗೆ ಮಾರಿದರು. ಶೌಚಾಲಯದಲ್ಲಿ ಸ್ಯಾನಿಟೈಸರ್ ಇತ್ತು, ನೀರಿರಲಿಲ್ಲ. ವಾಟರ್ ಪಾರ್ಕ್, ನೆನಪಿರಲಿ. ದುಡ್ಡು ವಾಪಸ್ ಕೇಳಿದರೆ ಇನ್ನೊಮ್ಮೆ ಬರಲು ಕೂಪನ್ ಕೊಟ್ಟರು. ಇನ್ನೊಮ್ಮೆ!

ಇನ್ನು ಆ ಡಿಸ್ನಿ ಮಾತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 2020ರ ಮಾರ್ಚ್ 14ರಂದು ಮುಚ್ಚಿದ್ದು, 2021ರ ಏಪ್ರಿಲ್ 30ಕ್ಕೆ ತೆರೆಯಿತು. ಶಾಂಘೈನದು ಮೇ 2020ರಲ್ಲೇ ತೆರೆದರೂ ಒಳಗೆ ಬಿಟ್ಟದ್ದು ಸಾಮರ್ಥ್ಯದ ಶೇ 30ಕ್ಕಿಂತ ಕಡಿಮೆ ಜನರನ್ನು. ಅಮೆರಿಕದಲ್ಲಿ ಬಾಗಿಲು ಹಾಕಿದ ಕೆಲವೇ ವಾರಗಳಲ್ಲಿ ಡಿಸ್ನಿ ಕಂಪನಿಯ ಅಂದಿನ ಅಧ್ಯಕ್ಷ ಬಾಬ್ ಐಗರ್ ಸಂಬಳ ಬಿಟ್ಟರು, ಹೊಸದಾಗಿ ಸಿಇಒ ಆಗಿದ್ದ ಬಾಬ್ ಚಾಪೆಕ್ ಅರ್ಧ ಸಂಬಳಕ್ಕೆ ಇಳಿದರು. ಅಲ್ಲೇನೂ ಧರ್ಮಛತ್ರ ನಡೆಯುತ್ತಿಲ್ಲ, 2020ರ ಸೆಪ್ಟೆಂಬರ್‌ನಲ್ಲಿ 28,000 ಜನರ ಕೆಲಸ ತೆಗೆಯುವುದಾಗಿ ಪ್ರಕಟಿಸಿದರು. ಆದರೂ ಕತ್ತರಿ ಮೊದಲು ಮೇಲಿನವರ ಸಂಬಳಕ್ಕೆ ತಾಗಿತ್ತು. ನಮ್ಮವರ ಕತ್ತರಿ ಫಿಟ್ಟರ್, ಎಲೆಕ್ಟ್ರೀಷಿಯನ್, ಪಂಪ್ ಆಪರೇಟರ್ ಹತ್ತಿರ ಶುರುವಾಗಿ ಅಲ್ಲೇ ನಿಂತಿತು. ಮಾಲೀಕರ ಕಾರು ಹೊಸದು.

ಅಮೆರಿಕ ದೂರವಾದರೆ ಬಿಡದಿ ಇದೆಯಲ್ಲ. ವಂಡರ್‌ಲಾ ಕಂಪನಿಗೆ 2020–21ರಲ್ಲಿ ಸುಮಾರು 50 ಕೋಟಿ ರೂಪಾಯಿ ನಷ್ಟ. ಬೆಂಗಳೂರಿನ ಪಾರ್ಕನ್ನು ನವೆಂಬರ್‌ನಲ್ಲಿ ತೆರೆದರು. ಸಾಲ ಇಲ್ಲದ್ದರಿಂದ ಉಸಿರಾಡಿದರು. ನಮ್ಮಲ್ಲಿ ಬಂದ ಲಾಭವನ್ನೆಲ್ಲ ಪಕ್ಕದ ಸೈಟಿಗೆ ಸುರಿದು, ಸಾಲ ಮಾಡಿ ಕಲ್ಯಾಣ ಮಂಟಪ ಎಬ್ಬಿಸಿದ್ದು ಊರಿಗೆಲ್ಲ ಗೊತ್ತು. ಅದೂ ಕೊರೊನಾ ತಂದಿಟ್ಟದ್ದೇ?

ಉಳಿಸಬಹುದಾದ ಕಡೆ ಇವರು ಉಳಿಸಲಿಲ್ಲ. ಎಚ್‌ಟಿ (ಹೈ ಟೆನ್ಷನ್) ಸಂಪರ್ಕಕ್ಕೆ ಒಂದು ಬಲ್ಬ್ ಉರಿಸದಿದ್ದರೂ ಒಪ್ಪಂದದ ಲೋಡಿನ ಶೇ 85ಕ್ಕೆ ಡಿಮಾಂಡ್ ಶುಲ್ಕ ಬೀಳುತ್ತಿತ್ತು. 200 ಕೆವಿಎ ಇದ್ದರೆ 170 ಕೆವಿಎಗೆ ಬಿಲ್. ಲೋಡ್ ಇಳಿಸಲು ಅರ್ಜಿ ಕೊಡಬಹುದಿತ್ತು. ಕೊಡದೆ ತಿಂಗಳುಗಟ್ಟಲೆ ಕಟ್ಟಿದರು. ಉಳಿಸಬಾರದ ಕಡೆ ಉಳಿಸಿದರು. 15 ಕಿಲೋವಾಟಿನ ಮೂರು ಪಂಪನ್ನು ದಿನಕ್ಕೊಂದು ಗಂಟೆ ಓಡಿಸಿದರೆ 45 ಯೂನಿಟ್. ಯೂನಿಟ್ಟಿಗೆ 9 ರೂಪಾಯಿ ಹಿಡಿದರೂ 405 ರೂಪಾಯಿ. ಇದನ್ನು ಉಳಿಸಲು ಹೋಗಿ ಪಂಪ್ ನಿಲ್ಲಿಸಿದರು. ನಿಂತ ಪಂಪಿನಲ್ಲಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಒಣಗಿ ಅಂಟಿಕೊಳ್ಳುತ್ತದೆ, ಮೊದಲ ಸಲ ಚಾಲೂ ಮಾಡಿದಾಗಲೇ ಹರಿದುಹೋಗುತ್ತದೆ. ಮಳೆಗಾಲದಲ್ಲಿ ಮೋಟಾರಿನ ವೈಂಡಿಂಗ್ ತೇವ ಹಿಡಿಯುತ್ತದೆ. 500 ವೋಲ್ಟ್ ಮೆಗ್ಗರ್ (ವೈಂಡಿಂಗಿನ ನಿರೋಧ ಅಳೆಯುವ ಉಪಕರಣ) ಹಚ್ಚಿ ಒಂದು ಮೆಗಾಓಮ್ ಕೂಡ ತೋರಿಸದ ಮೋಟಾರನ್ನು ಒಣಗಿಸದೆ ಓಡಿಸುವಂತಿಲ್ಲ. ಪಂಪ್ ಓಡಿಸಲು ಮನಸ್ಸಿಲ್ಲದಿದ್ದರೆ ಶಾಫ್ಟನ್ನು ವಾರಕ್ಕೊಮ್ಮೆ ಕೈಯಲ್ಲಿ ತಿರುಗಿಸಿದ್ದರೂ ಸಾಕಿತ್ತು. ಅದಕ್ಕೆ ಕರೆಂಟ್ ಬೇಡ.

ನೀರಿನಾಟಕ್ಕೆ ನಾಳೆ ಅನುಮತಿ ಸಿಕ್ಕಿತು ಅನ್ನಿ. ದೊಡ್ಡ ಕೊಳ ಈಗ ಪಾಚಿ ಕಟ್ಟಿ ಹಸಿರಾಗಿದೆ, ಸೊಳ್ಳೆಗಳ ತವರು. 10 ಲಕ್ಷ ಲೀಟರ್ ಶುದ್ಧ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 2 ಕೆಜಿ ಕ್ಲೋರಿನ್, ಅಂದರೆ ಶೇ 33ರ ಬ್ಲೀಚಿಂಗ್ ಪೌಡರ್ ಸುಮಾರು 6 ಕೆಜಿ. ಪಾಚಿ ನೀರಿಗೆ ಇದರ ಹಲವು ಪಟ್ಟು. ಶೆಡ್ಡಿನಲ್ಲಿ ಕಾಣುವ ಹಳೆಯ ಮೂಟೆಗಳಲ್ಲಿ ಆ ಶೇ 33 ಉಳಿದಿರುವುದಿಲ್ಲ, ಶಾಖಕ್ಕೂ ತೇವಕ್ಕೂ ಸತ್ವ ಹೋಗಿರುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) 7.2ರಿಂದ 7.8ರೊಳಗೆ ಇರಬೇಕು, ಅದಕ್ಕಿಂತ ಏರಿದರೆ ಎಷ್ಟು ಸುರಿದರೂ ಅಷ್ಟೇ. ಇದನ್ನು ಅಳೆಯುವ ಕಿಟ್ ಎಲ್ಲಿದೆ ಎಂದು ಮ್ಯಾನೇಜರಿಗೇ ಗೊತ್ತಿಲ್ಲ.

ನಮ್ಮ ಜಾತ್ರೆಗಳಿಗೆ ತೊಟ್ಟಿಲು, ಕೊಲಂಬಸ್ ಎಂಬ ದೋಣಿ ಉಯ್ಯಾಲೆ ತರುವವರನ್ನು ನೋಡಿ. 2020ರ ದುಗ್ಗಮ್ಮನ ಜಾತ್ರೆ ಮುಗಿದ ಬೆನ್ನಿಗೇ ಲಾಕ್‌ಡೌನ್ ಬಡಿಯಿತು. ಅವರಿಗೆ ಮೂರು ಕಾಲಂ ಸುದ್ದಿಯೂ ಇಲ್ಲ, ಪರಿಹಾರವೂ ಇಲ್ಲ. ಬಿಚ್ಚಿದ ಪಿನ್ನಿಗೆ ಗ್ರೀಸ್ ಬಳಿದು, ಬೇರಿಂಗಿಗೆ ಟಾರ್ಪಾಲು ಸುತ್ತಿ ಇಟ್ಟರು. ಊರೂರಿಗೆ ಬಿಚ್ಚಿ ಜೋಡಿಸುವುದರಿಂದ ಸವೆದ ಪಿನ್ನು, ಬಿರುಕು ಬಿಟ್ಟ ವೆಲ್ಡಿಂಗ್ ಅವರ ಕಣ್ಣಿಗೆ ಬೀಳುತ್ತದೆ. (ಅವರಲ್ಲೂ ತಂತಿ ಸುತ್ತಿ ಓಡಿಸುವ ಭೂಪರಿದ್ದಾರೆ, ಅದು ಬೇರೆ ಪತ್ರ.) ನೆಲಕ್ಕೆ ಕಾಂಕ್ರೀಟ್ ಹಾಕಿ ನಿಲ್ಲಿಸಿದ ವೀಲನ್ನು ಯಾರೂ ಬಿಚ್ಚುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಬಣ್ಣದ ದ್ರಾವಣ ಹಚ್ಚಿ ಬಿರುಕು ನೋಡುವ ಪರೀಕ್ಷೆ ಬೇಕು. ತೆರೆಯುವ ಮುನ್ನ ಮೊದಲು ಖಾಲಿ ಓಟ, ಆಮೇಲೆ ಮರಳು ಚೀಲ ಹೇರಿ ಅರ್ಧ ಭಾರದ ಓಟ, ಪೂರ್ತಿ ಭಾರದ ಓಟ ಬೇಕು. ಇಲ್ಲಿ ಮರಳು ಚೀಲದ ಬದಲು ನಮ್ಮನ್ನೇ ಹೇರಿದರು, ಟಿಕೆಟ್ ಕೊಟ್ಟು.

ಹಾಗಾದರೆ ಫಿಟ್‌ನೆಸ್ ಪತ್ರ ಕೊಟ್ಟವರು ಯಾರು? ತಪಾಸಣೆಗೆ ಬಂದ ಅಧಿಕಾರಿಗಳು ಕ್ಯಾಂಟೀನ್‌ವರೆಗೆ ಬಂದು ಹೋದರೆಂದು ಅಲ್ಲಿನವರೇ ನಗುತ್ತಾರೆ. ಮಾಸ್ಕ್ ಮೂಗಿನಿಂದ ಜಾರಿದರೆ ದಂಡ ಹಾಕಲು ಮಂಡಿಪೇಟೆಯ ಮೂಲೆಮೂಲೆಯಲ್ಲಿ ನಿಲ್ಲುತ್ತಿದ್ದವರಿಗೆ ಊರ ಹೊರಗಿನ ವೀಲ್ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದರೆ ಜೀಪೇ ಆಚೆ ಹೋಗುತ್ತಿರಲಿಲ್ಲ. ಆ ಗೇಟಿನ ಬಗ್ಗೆ ಇದೇ ಅಂಕಣದಲ್ಲಿ ಎಷ್ಟು ಪತ್ರ ಬಂದಿವೆಯೋ. ಊರು 2016ರಲ್ಲೇ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಗೆ ಸೇರಿತು. ನಮ್ಮ ಬೀದಿಯ ಗುಂಡಿಗೆ ಅದು ಇನ್ನೂ ತಿಳಿದಿಲ್ಲ. ಬೀದಿದೀಪ ಹಗಲು ಉರಿಯುತ್ತದೆ, ರಾತ್ರಿ ಆರುತ್ತದೆ, ದೂರು ಕೊಟ್ಟರೆ ನಂಬರ್ ಕೊಡುತ್ತಾರೆ.

ಆದ್ದರಿಂದ ಸಂಬಂಧಪಟ್ಟವರು ಆ ಪಾರ್ಕನ್ನು ಕೂಡಲೇ ಮುಚ್ಚಿಸಬೇಕು. ಇಲ್ಲವೇ ಸರಿಯಾಗಿ ನಡೆಸುವಂತೆ ನೋಡಿಕೊಳ್ಳಬೇಕು. ತೆಗೆದುಹಾಕಿದ ಕೆಲಸಗಾರರನ್ನು ವಾಪಸ್ ಕರೆಸಬೇಕು, ನಮ್ಮ ದುಡ್ಡನ್ನೂ ಕೊಡಿಸಬೇಕು. ನೀವೂ ಮುಂದಿನ ಸಲ ಮಾಲೀಕರ ಫೋಟೊ ಹಾಕುವ ಮೊದಲು ಆ ಜನರೇಟರ್ ಬ್ಯಾಟರಿಯ ಫೋಟೊ ಹಾಕಿ. ಅಧಿಕಾರಿಗಳಿಗೆ ಹೇಳುವುದೇನೂ ಇಲ್ಲ, ಹೇಳಿದರೂ ಕೇಳುವವರಲ್ಲ.

– ಮೆಕ್ಯಾನಿಕಲ್ ಗುತ್ತಿಗೆದಾರ, ನಿಟ್ಟುವಳ್ಳಿ, ದಾವಣಗೆರೆ